ಬದನೆಯ ಗದ್ದುಗೆ

ಆ ದಿನ ಬೆಳಗ್ಗೆ ಮಳೆ ಬರುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಆರಿದ್ರಾ ಮಳೆಯ ಸ್ವಭಾವವೇ ಅಂಥದ್ದು. ಆಪಿನಕೆರೆಯ ಮೇಲೆ ಮೋಡವು ತೊಳೆದು ಹಿಂಡದೆ ಹರವಿದ ಕಂಬಳಿಯ ಹಾಗೆ ಜೋತುಬಿದ್ದಿತ್ತು. ಅದರಿಂದ ಒಂದೊಂದೇ ಹನಿ, ಬೀಳಲೋ ಬೇಡವೋ ಎಂದು ಯೋಚಿಸಿ ಬೀಳುತ್ತಿತ್ತು. ಕೊಟ್ಟೂರಿನಿಂದ ಬರುವ ಮೊದಲ ಬಸ್ಸಿನ ಸದ್ದು ಕೇಳಿಸಿತೇ ಹೊರತು ಬಸ್ಸು ಕಾಣಿಸಲಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವರು ಇನ್ನೊಂದು ಲೋಟ ಚಹಾ ಕುಡಿದು ಗೋಡೆಗೆ ಒರಗುತ್ತಾರೆ. ಪಂಚಾಕ್ಷರಪ್ಪ ಮಾತ್ರ ಹೊಸ ಗಂಬೂಟು ಮೆಟ್ಟಿ, ಹೆಗಲಿಗೆ ಸಲಿಕೆ ಏರಿಸಿ, ತಲೆಗೆ ಗೊಬ್ಬರದ ಚೀಲ ಹೊದ್ದು, ಎದೆಗೆ ಒಂದು ಒಣ ಸೋರೆಬುರುಡೆಯನ್ನು ಕೂಸಿನಂತೆ ಅವಚಿಕೊಂಡು ಕೆರೆಯ ಹಿಂದಿನ ಜವುಳು ನೆಲಕ್ಕೆ ಇಳಿದ.

ಇಳಿದ ಎಂದರೆ ನಿಜವಾಗಿಯೂ ಇಳಿದ. ಮೊದಲು ಮೀನಖಂಡದವರೆಗೆ, ಆಮೇಲೆ ಮೊಣಕಾಲಿನವರೆಗೆ. ಎಡಗಾಲು ಎತ್ತಿದಾಗ ಕಾಲು ಬಂತು, ಬೂಟು ಬರಲಿಲ್ಲ. ಎಡಬೂಟನ್ನು ಹುಡುಕುವ ಗದ್ದಲದಲ್ಲಿ ಬಲಬೂಟೂ ಅದರ ಜೊತೆಗೆ ಹೋಯಿತು. ಜವುಳು ಒಂದು ಸಲ ಗುಳುಗುಳು ಎಂದು, ಊಟ ಮುಗಿಸಿದವರ ಹಾಗೆ ಸುಮ್ಮನಾಯಿತು. ಬುರುಡೆ ಒದ್ದೆಯಾಗಲಿಲ್ಲವಲ್ಲ ಎಂದು ಪಂಚಾಕ್ಷರಪ್ಪ ಶಿವನನ್ನು ನೆನೆದ.

ಸುತ್ತಲಿನ ಸೀಮೆಯೆಲ್ಲ ನೀರಿಗಾಗಿ ಬೋರು ಕೊರೆಸಿ, ಬೋರಿಗೆ ಕಾಯಿ ಒಡೆದು, ಬಾಯಿಬಿಟ್ಟು ಕೂತಿರುವಾಗ, ದೇವರು ಇವನೊಬ್ಬನಿಗೆ ನೀರಲ್ಲದೆ ಬೇರೇನೂ ಇಲ್ಲದ ನೆಲವನ್ನು ಕೊಟ್ಟಿದ್ದ. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ತುಂಡು ಅದು. ಕೆರೆಯ ತೂಬಿನ ಕೆಳಗೆ, ತಲೆತಲಾಂತರದಿಂದ ಆಪು ಹುಲ್ಲು ಬೆಳೆದು, ಬಿದ್ದು, ಕೊಳೆತು, ಅದರ ಮೇಲೆ ಮತ್ತೆ ಆಪು ಬೆಳೆದು, ಮಣ್ಣು ಕಾಡಿಗೆಯಂತೆ ಕಪ್ಪಾಗಿತ್ತು. ಹಿಡಿದು ಹಿಂಡಿದರೆ ಚಹಾದಂಥ ನೀರು ಸುರಿಸುತ್ತಿತ್ತು. ಎಮ್ಮೆಗಳ ಹೊರತು ಆ ನೆಲದಿಂದ ಸುಖಪಟ್ಟವರು ಯಾರೂ ಇರಲಿಲ್ಲ.

ಪಂಚಾಕ್ಷರಪ್ಪನಿಗೋ, ಒಕ್ಕಲುತನದ ಗಂಧಗಾಳಿ ಇರಲಿಲ್ಲ. ಅವನು ಕೊಟ್ಟೂರು ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವನು. ಮೈಕಿನ ಮುಂದೆ ಕೂತು ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ಜನರನ್ನು ದಿಕ್ಕುದಿಕ್ಕಿಗೆ ಕಳಿಸಿ, ತಾನು ಮಾತ್ರ ಸಂಜೆಗೆ ಆಪಿನಕೆರೆಗೆ ಮರಳುತ್ತಿದ್ದವನು. ನಿವೃತ್ತಿಯ ನಂತರವೂ ಆ ಚಾಳಿ ಬಿಟ್ಟಿರಲಿಲ್ಲ. ಹೋದ ವರ್ಷ ಹೆಂಡತಿ ನಾಗಲಿಂಗಮ್ಮ ಲಿಂಗೈಕ್ಯಳಾದಾಗ, ಮಣ್ಣಿಗೆ ಬಂದ ಬೀಗರನ್ನು ಅಂಗಳದಲ್ಲಿ ನಿಂತು, ಹೆಣ್ಣುಮಕ್ಕಳು ಒಳಗೆ, ಗಂಡಸರು ಬಲಗಡೆ, ಚಪ್ಪಲಿ ಎಡಗಡೆ ಎಂದು ಗಟ್ಟಿದನಿಯಲ್ಲಿ ಸಾಗಹಾಕಿದ್ದ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ನಾಗಲಿಂಗಮ್ಮನ ತಮ್ಮ ಬೆನಕಪ್ಪ ಇದನ್ನು ಕಂಡವನು, ಈ ಮನುಷ್ಯನ ಎದೆಯಲ್ಲಿರುವುದು ಕರಿಕಲ್ಲು ಎಂದು ಕೊಟ್ಟೂರಿನ ತನ್ನ ಈರುಳ್ಳಿ ದಲಾಲಿ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ್ದ.

ಈ ತೋಟದ ಕಥೆ ಹುಟ್ಟಿದ್ದೂ ಅದೇ ಬೆನಕಪ್ಪನ ನಾಲಿಗೆಯಿಂದ. ನಾಗಲಿಂಗಮ್ಮನ ವರ್ಷದ ಪುಣ್ಯಸ್ಮರಣೆಯ ದಿನ ಪಂಕ್ತಿಯಲ್ಲಿ ಕೂತ ಬೆನಕಪ್ಪ, ಎಣ್ಣೆಗಾಯಿಯನ್ನು ಬಾಯಿಗಿಟ್ಟು, ಅಗಿದು, ಎಲೆಯ ಅಂಚಿಗೆ ಸರಿಸಿದ. ಸಂತೆ ಬದನೆಕಾಯಿ ಎಂದ. ಅಕ್ಕನ ಮನೆಯಲ್ಲಿ, ಅಕ್ಕನ ದಿನವೇ, ಸಂತೆ ಬದನೆಕಾಯಿ ತಿನ್ನುವ ಹಣೆಬರಹ ಬಂತಲ್ಲ ಎಂದು ಪಂಕ್ತಿಗೆಲ್ಲ ಕೇಳುವಂತೆ ನಿಟ್ಟುಸಿರುಬಿಟ್ಟ. ಸಾಂಬಾರಿನ ಬಕೆಟ್ಟು ಹಿಡಿದು ನಿಂತಿದ್ದ ಪಂಚಾಕ್ಷರಪ್ಪನಿಗೆ ಅದು ಚುಚ್ಚಿತು. ಬಸ್ಸು ಕೂಗುವ ದನಿಯಲ್ಲಿ ಹೇಳಿದ:

"ಕಾರ್ತಿಕಕ್ಕ ಎಲ್ಲಾರೂ ಬರ್ರಿ. ನಾಗಲಿಂಗಿ ಬೀಜದ್ದ ಬದನಿಕಾಯಿ, ನನ್ನ ಕೈಯಾರ ಬೆಳದದ್ದು, ಎಲಿಗೆ ಬಡಸ್ತೀನಿ. ಬುರುಡಿ ತುಂಬ ಬೀಜ ಐತಿ ನನ್ನ ಮನ್ಯಾಗ."

ಬುರುಡೆ ತುಂಬ ಇರಲಿಲ್ಲ. ತಳದಲ್ಲಿ ಒಂದು ಹಿಡಿ ಇತ್ತು. ನಸು ಬಿಳುಪು, ನೇರಳೆ ಗೆರೆ, ತೊಟ್ಟಿನಲ್ಲಿ ಮುಳ್ಳಿರುವ ಬದನೆ ಅದು. ನಾಗಲಿಂಗಮ್ಮ ತವರಿನಿಂದ ತಂದದ್ದು. ಬೀಜವನ್ನು ಮಾರಬಾರದು ಎಂದು ಅವಳ ನೇಮ. ಕೇಳಿದವರಿಗೆ ಕಡವಾಗಿ ಒಂದು ಚಿಟಿಕೆ ಕೊಡುವಳು. ಕಾಗದದಲ್ಲಿ ಕಟ್ಟಿ ಅಲ್ಲ, ನೆಲದ ಮೇಲೆ ಇಟ್ಟೂ ಅಲ್ಲ, ತನ್ನ ಅಂಗೈಯಿಂದ ಅವರ ಅಂಗೈಗೆ. ಬೆಳೆದ ಮೇಲೆ ಹಾಗೆಯೇ ಅಂಗೈಯಿಂದ ಅಂಗೈಗೆ ತಿರುಗಿ ಬರಬೇಕು, ಬರುವಾಗ ತುಸು ಹೆಚ್ಚಾಗಿ ಬರಬೇಕು. ಬರುತ್ತಿದ್ದದ್ದು ಅಪರೂಪ. ಒಯ್ದವರು ಕಾಯಿ ಕೊಯ್ದು ತಿಂದು, ಬೀಜಕ್ಕೆ ಬಿಡದೆ, ಮರುವರ್ಷ ನರ್ಸರಿಯಿಂದ ಸಸಿ ತರುತ್ತಿದ್ದರು. ನಾಗಲಿಂಗಮ್ಮ ಯಾರನ್ನೂ ಕೇಳಿದವಳಲ್ಲ. ಹೀಗೆ ಕೊಟ್ಟು ಕೊಟ್ಟು, ಊರಲ್ಲೆಲ್ಲೂ ಇಲ್ಲದ ಆ ಬೀಜ ಕೊನೆಗೆ ಇವನ ಅಡುಗೆಮನೆಯ ಜಂತಿಗೆ ತೂಗಿದ ಬುರುಡೆಯೊಂದರಲ್ಲಿ ಉಳಿದಿತ್ತು. ಅದೂ ಹಳೆಯದಾಗುತ್ತ ಬಂದಿತ್ತು. ಈ ಮಳೆಗೆ ಹುಟ್ಟದಿದ್ದರೆ ಇನ್ನು ಹುಟ್ಟುವುದಿಲ್ಲ ಎಂಬುದು ಪಂಚಾಕ್ಷರಪ್ಪನಿಗೂ ತಿಳಿದಿತ್ತು.

ಹಾಗಾದರೆ ಮನೆಯ ಹಿತ್ತಲಲ್ಲಿ ಹಾಕಬಹುದಿತ್ತಲ್ಲ ಎಂದರೆ, ಹಿತ್ತಲಿಗೆ ಅವನು ಎಂದೋ ಚಪ್ಪಡಿ ಹಾಸಿಬಿಟ್ಟಿದ್ದ. ಮಳೆಗಾಲದಲ್ಲಿ ಕೆಸರು, ನೋಡಿದವರು ಏನೆಂದಾರು ಎಂದು. ನಾಗಲಿಂಗಮ್ಮ ಆಗ ಬಣ್ಣದ ಖಾಲಿ ಡಬ್ಬಿಗಳನ್ನು ಗೋಡೆಯುದ್ದಕ್ಕೆ ಸಾಲಿಟ್ಟು ಅವುಗಳಲ್ಲಿ ಬದನೆ ಬೆಳೆದಳು. ಅವಳು ಹೋದ ಬೇಸಿಗೆಗೆ ಡಬ್ಬಿಗಳು ಸೀಳಿ ಬಿರಿದವು.

ಒದ್ದೆ ನೆಲದಲ್ಲಿ ಬೆಳೆಯಬೇಕಾದರೆ ಮಡಿಯನ್ನು ಎತ್ತರಿಸಬೇಕು ಎಂದು ಮೊಬೈಲಿನಲ್ಲಿ ಒಬ್ಬ ಮೀಸೆಯವನು ಹೇಳಿದ್ದ. ಪಂಚಾಕ್ಷರಪ್ಪ ಅದನ್ನು ನೂರಕ್ಕೆ ನೂರು ಪಾಲಿಸಿದ. ಅವನದು ಅಚ್ಚುಕಟ್ಟಿನ ಕೈ. ಮಡಿ ಸೊಟ್ಟಗಾದರೆ ಸಹಿಸುವವನಲ್ಲ. ಚೌಕಾಕಾರವಾಗಿ, ಮೊಣಕಾಲೆತ್ತರ ಮಣ್ಣು ಒಟ್ಟಿದ. ಒಟ್ಟಿದ್ದು ಸಂಜೆಗೆ ಹಿಟ್ಟಿನಂತೆ ಕುಸಿಯಿತು. ಮತ್ತೆ ಒಟ್ಟಿದ, ಮತ್ತೆ ಕುಸಿಯಿತು. ಕೊನೆಗೆ ಒಂದು ಯುಕ್ತಿ ಹೊಳೆದು, ಹಿತ್ತಲಿನ ಚಪ್ಪಡಿಗಳಲ್ಲಿ ನಾಲ್ಕನ್ನು ಹಾರೆಯಿಂದ ಮೀಟಿ ಎಬ್ಬಿಸಿ, ತಳ್ಳುಗಾಡಿಯಲ್ಲಿ ತಂದು, ನಾಲ್ಕೂ ಮಗ್ಗುಲಿಗೆ ಆನಿಸಿ ನಿಲ್ಲಿಸಿದ. ಮಡಿ ನಿಂತಿತು. ನೋಡಲಿಕ್ಕೆ ಲಕ್ಷಣವಾಗಿಯೇ ಇತ್ತು.

ಬುರುಡೆಯನ್ನು ಬೋರಲು ಹಾಕಿ ಇದ್ದ ಬೀಜವನ್ನೆಲ್ಲ ಒಂದೇ ಸಲಕ್ಕೆ ಚೆಲ್ಲಿದ. ಒಂದು ಊರಿಗೆ ಸಾಲುವಷ್ಟು ಬೀಜ ಒಂದು ಚಾಪೆಯಗಲದಲ್ಲಿ ಬಿತ್ತು. ಇನ್ನು ಇರುವೆ ಒಯ್ಯಬಾರದೆಂದು ಬೂದಿ ಹಾಕಬೇಕು. ನಾಗಲಿಂಗಮ್ಮ ಹಾಕುತ್ತಿದ್ದಳು. ಆದರೆ ಮನೆಯಲ್ಲಿ ಗ್ಯಾಸು ಬಂದ ಮೇಲೆ ಒಲೆಯಿಲ್ಲ, ಒಲೆಯಿಲ್ಲದ ಮೇಲೆ ಬೂದಿಯಿಲ್ಲ. ಅವನು ದೇವರ ಗೂಡಿಗೆ ಕೈಹಾಕಿ, ಇದ್ದಬದ್ದ ವಿಭೂತಿ ಗಟ್ಟಿಗಳನ್ನೆಲ್ಲ ಕುಟ್ಟಿ ಪುಡಿಮಾಡಿ, ಶಿವನೇ ಕ್ಷಮಿಸು, ಇದೂ ನಿನ್ನ ಕೆಲಸವೇ ಎಂದು ಕೈಮುಗಿದು, ಮಡಿಯ ಮೇಲೆ ಬೆಳ್ಳಗೆ ಹರವಿದ. ಮೀಸೆಯವನು ಹುಳ ಬರದಂತೆ ಚೆಂಡುಹೂವಿನ ಗಿಡ ಹಚ್ಚಿರೆಂದೂ ಹೇಳಿದ್ದ. ನಾಲ್ಕು ಮೂಲೆಗೆ ನಾಲ್ಕು ಹೂಬಿಟ್ಟ ಗಿಡ ತಂದು ನೆಟ್ಟ.

ಮಾರನೆಯ ದಿನದಿಂದ ಬೆಳಗ್ಗೆ ಸ್ನಾನಮಾಡಿ, ಹಣೆಗೆ ವಿಭೂತಿ ಧರಿಸಿ, ಬೂಟು ಹೋದದ್ದರಿಂದ ಬರಿಗಾಲಲ್ಲಿ, ನಾಗಲಿಂಗಮ್ಮನ ಹಿತ್ತಾಳೆ ಗಿಂಡಿ ಹಿಡಿದು ಜವುಳಿಗೆ ಹೋಗಿ ಮಡಿಗೆ ನೀರು ಹನಿಸುವ ನೇಮ ಹಿಡಿದ. ಸುತ್ತ ನೀರು ನಿಂತ ನೆಲಕ್ಕೆ ಮನೆಯಿಂದ ನೀರು ಹೊತ್ತೊಯ್ಯುವುದು ಏಕೆ ಎಂದು ನೀವು ಕೇಳಬಹುದು. ಅವಳು ದಿನಾ ಹನಿಸುತ್ತಿದ್ದಳು, ಅವನು ಅದನ್ನಷ್ಟೇ ಕಂಡಿದ್ದ. ಹನಿಸುತ್ತ ಹನಿಸುತ್ತ, ಬಾಗಿ, ಮೆಲ್ಲಗೆ, "ಮ್ಯಾಲೆ ಬಾರವ್ವಾ, ಮ್ಯಾಲೆ ಬಾ" ಎಂದು ಬೀಜಗಳನ್ನು ಕರೆಯುತ್ತಿದ್ದ.

ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ನೆರೆಮನೆಯ ಹಂಪಮ್ಮ ಕಂಡದ್ದು ಇಷ್ಟನ್ನು: ಚೌಕದ ಮಣ್ಣಿನ ಕಟ್ಟೆ, ಸುತ್ತ ಚಪ್ಪಡಿ, ಮೇಲೆ ವಿಭೂತಿ, ಮೂಲೆಗೆ ಹೂವು, ಮುಂದೆ ಸ್ನಾನಮಾಡಿದ ವಿಧುರ, ಕೈಯಲ್ಲಿ ಗಿಂಡಿ, ಬಾಯಲ್ಲಿ ಕರೆ. ನಮ್ಮಲ್ಲಿ ಸತ್ತವರನ್ನು ಮಣ್ಣುಮಾಡಿದ ಮೇಲೆ ಕಟ್ಟುವ ಗದ್ದುಗೆಗೂ ಈ ಬದನೆಯ ಮಡಿಗೂ ವ್ಯತ್ಯಾಸ ಕಂಡುಹಿಡಿಯುವುದು ಸಾಕ್ಷಾತ್ ಆ ಯಮನಿಗೂ ಸುಲಭವಿರಲಿಲ್ಲ. ಹಂಪಮ್ಮ ಏರಿಯ ಮೇಲೇ ಚಪ್ಪಲಿ ಬಿಟ್ಟು ಕೈಮುಗಿದಳು. ಎಮ್ಮೆ ತಾನೇ ದಾರಿ ಹಿಡಿದು ಮನೆಗೆ ಹೋಯಿತು.

ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ರುದ್ರಭೂಮಿಯಲ್ಲಿ ಮಲಗಿರುವ ನಾಗಲಿಂಗಮ್ಮನ ಮಣ್ಣನ್ನು ಗಂಡ ಹಿಡಿಯಷ್ಟು ತಂದು ತನ್ನ ಹೊಲದಲ್ಲಿ ಗದ್ದುಗೆ ಕಟ್ಟಿಸಿದ್ದಾನೆ ಎಂದು ಒಬ್ಬರು. ಹಿಡಿಯಲ್ಲ, ಪೂರಾ ಎಂದು ಇನ್ನೊಬ್ಬರು. ಹೆಂಡತಿ ಕನಸಿನಲ್ಲಿ ಬಂದು, ತನಗೆ ಅಲ್ಲಿ ಸೆಕೆಯಾಗುತ್ತದೆ, ನೀರಿನ ಕಡೆಗೆ ಒಯ್ಯಿ ಎಂದಳಂತೆ ಎಂದು ಮೂರನೆಯವರು. ಈ ಮೂರನೆಯದನ್ನು ಹಂಪಮ್ಮ ಸಂಜೆಗೆ ತಾನೇ ನಾಗಲಿಂಗಮ್ಮನ ಬಾಯಿಂದ ಕೇಳಿದವಳಂತೆ ಹೇಳತೊಡಗಿದಳು.

ಊರಿನ ಅಯ್ಯನವರು ಹಾಲಸ್ವಾಮಿ. ಹುಟ್ಟು ಸಾವು ಎರಡಕ್ಕೂ ಅವರೇ ಬರಬೇಕು. ತಮ್ಮನ್ನು ಕರೆಯದೆ ಗದ್ದುಗೆ ಎದ್ದಿತೆಂದರೆ ಅವರಿಗೆ ನೋವಾಗದೆ ಇದ್ದೀತೇ? ಮನೆಗೇ ಬಂದು, ಕೂತು, ಕೊಟ್ಟ ಚಹಾವನ್ನು ಆರಿಸುತ್ತ, ಮೆಲ್ಲಗೆ ಮಾತು ತೆಗೆದರು.

"ಯಾರನ್ನ ಕೇಳಿ ಮಾಡಿದ್ರಿ ಪಂಚಾಕ್ಷರಪ್ಪ?"

"ಯಾರನ್ನ ಕೇಳಬೇಕ್ರಿ ಅಯ್ಯಾರ? ಜಾಗ ನಂದು."

"ಅಲ್ಲ, ದಿಕ್ಕು ದೆಸಿ ಅಂತ ಇರತೈತಿ."

"ನೋಡೀನ್ರಿ. ಮೂಡಲ ಬಿಸಿಲು ನೆಟ್ಟಗ ಬೀಳತೈತಿ."

"ಇಬತ್ತಿ?"

"ಅಂಗೈ ದಪ್ಪ ಹಾಕೀನ್ರಿ."

ಅಯ್ಯನವರಿಗೆ ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಮುಂದಿನ ಕಾರ್ಯಕ್ಕಾದರೂ ತಮ್ಮನ್ನು ಕರೆದಾನೆಂದು, "ಮತ್ತ, ಮುಂದ ಹೆಂಗ?" ಎಂದರು.

"ಮುಂದೇನ್ರಿ, ಎಂಟ್ಹತ್ತು ದಿನದಾಗ ಮ್ಯಾಲೆ ಬರಬೇಕು. ಬಂದ ಮ್ಯಾಲೆ ಒತ್ತೊತ್ತಾಗಿದ್ದನ್ನ ಕಿತ್ತು ಬ್ಯಾರೆ ಕಡಿ ಹಚ್ಚೋದು. ಕಾರ್ತಿಕಕ್ಕ ಎಲ್ಲಾರಿಗೂ ಊಟ."

ಹಾಲಸ್ವಾಮಿಗಳು ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು ಒಂದು ಸಲ ಹಿಂತಿರುಗಿ ನೋಡಿದರು. ಹೆಂಡತಿ ಹೋದ ದುಃಖ ಗಂಡಸಿನ ತಲೆಗೆ ಏರಿದರೆ ಹೀಗಾಗುತ್ತದೆ, ಯಾರೂ ಅವನಿಗೆ ಎದುರಾಡಬೇಡಿರಿ ಎಂದು ಅಗಸೆಕಟ್ಟೆಯಲ್ಲಿ ಕೂತವರಿಗೆ ಅಪ್ಪಣೆ ಕೊಟ್ಟುಹೋದರು.

ಇದರಿಂದ ಆದ ಅನಾಹುತ ಏನೆಂದರೆ, ಯಾರೂ ಎದುರಾಡಲಿಲ್ಲ. ಜನ ಬಂದರು. ಬಂದವರು ಬರಿಗೈಲಿ ಬರಲಿಲ್ಲ. ಕಾಯಿ ಒಡೆದು ನೀರನ್ನು ಮಡಿಯ ಮೇಲೆ ಬಿಟ್ಟರು. ಹಾಲು ಬಿಟ್ಟರು. ಊದಿನಕಡ್ಡಿಯನ್ನು ಬೀಜದ ನಡುವೆಯೇ ಚುಚ್ಚಿದರು. ಪಂಚಾಕ್ಷರಪ್ಪ ಗಾಬರಿಯಿಂದ ಓಡಿ ಬಂದು, ಬೇಡಿರಿ, ಈಗಾಗಲೇ ತಂಪು ಹೆಚ್ಚಾಗಿದೆ ಎಂದರೆ, ಅವರು ಅವನ ಭುಜ ಸವರಿ, ಸಮಾಧಾನ ಮಾಡಿಕೊಳ್ಳಿರಿ ಎಂದರು. ಮೊಳಕೆ ಬಂದಿದೆಯೇ ಎಂದು ನೋಡಲು ಅವನು ಬೆರಳಿನಿಂದ ಮಣ್ಣು ಕೆದಕಲು ಹೋದರೆ, ಹಂಪಮ್ಮ ಕೈ ಹಿಡಿದು ತಡೆದಳು. "ಬ್ಯಾಡಪ್ಪಾ, ಮಲಗಿದೋರನ್ನ ಎಬ್ಬಿಸಬಾರದು" ಎಂದಳು. ಬೀಜ ಮಲಗಿರುವುದನ್ನು ಇವಳು ಹೇಗೆ ಬಲ್ಲಳು ಎಂದು ಅವನಿಗೆ ಆಶ್ಚರ್ಯವಾಯಿತು. ಜನಕ್ಕೆ ತನ್ನ ತೋಟದ ಮೇಲೆ ಇಷ್ಟು ಭಕ್ತಿ ಏಕೆ ಎಂಬುದೂ ಅವನಿಗೆ ಅರ್ಥವಾಗಿರಲಿಲ್ಲ. ನಾಗಲಿಂಗಿಯ ಬೀಜವೆಂದು ಇರಬೇಕು, ಒಳ್ಳೆಯ ಜನ ಎಂದುಕೊಂಡ.

ಈ ಗದ್ದಲದ ಅಂಚಿನಲ್ಲಿ ಒಬ್ಬ ಹೆಣ್ಣುಮಗಳು ಮಾತ್ರ ದಿನವೂ ಬಂದು ದಿನವೂ ತಿರುಗಿ ಹೋಗುತ್ತಿದ್ದಳು. ಅಂಗನವಾಡಿ ಟೀಚರು ಮಂಜಮ್ಮ. ಸ್ಕೂಟಿಯಲ್ಲಿ ಏರಿಯ ಮೇಲೆ ಬರುವಳು, ನಿಲ್ಲಿಸುವಳು, ಹೆಗಲ ಚೀಲಕ್ಕೆ ಕೈ ಹೋಗುವುದು, ಮಡಿಯ ಸುತ್ತ ನಿಂತ ಜನರನ್ನು ನೋಡುವಳು, ಕೈ ಹಿಂದೆ ಬರುವುದು, ಸ್ಕೂಟಿ ಮುಂದೆ ಹೋಗುವುದು. ಪುಣ್ಯಸ್ಮರಣೆಯ ದಿನವೂ ಅವಳು ಹಾಗೆಯೇ ಬಾಗಿಲ ಬಳಿ ಸ್ವಲ್ಪ ನಿಂತು ಹೋಗಿದ್ದಳು. ಯಾರೂ ಅದನ್ನು ಗಮನಿಸಲಿಲ್ಲ.

ಸುದ್ದಿ ಕೊಟ್ಟೂರು ಮುಟ್ಟಲು ಹೊತ್ತಾಗಲಿಲ್ಲ. ಬೆನಕಪ್ಪ ಅಂಗಡಿಯ ತಕ್ಕಡಿಯನ್ನು ಹಾಗೆಯೇ ಬಿಟ್ಟು ಮೋಟರ್ ಸೈಕಲ್ ಹತ್ತಿದ. ಮಣ್ಣಾದ ಅಕ್ಕನನ್ನು ಯಾರನ್ನೂ ಕೇಳದೆ ಅಲುಗಿಸಿದ ಮಾವನಿಗೆ ಇವತ್ತು ಬುದ್ಧಿ ಕಲಿಸುತ್ತೇನೆ ಎಂದು ದಾರಿಯುದ್ದಕ್ಕೂ ಬೈಗುಳವನ್ನು ಜೋಡಿಸಿಕೊಂಡು ಬಂದ. ಜವುಳು ಅವನ ಒಂದು ಚಪ್ಪಲಿಯನ್ನು ನುಂಗಿತು. ಅದನ್ನು ಲೆಕ್ಕಿಸದೆ, ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲಿನಲ್ಲಿ ಕೆಸರು, ಮಡಿಯ ಮುಂದೆ ಬಂದು ನಿಂತ. ಜೋಡಿಸಿಕೊಂಡು ಬಂದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಚೆಂಡುಹೂವನ್ನು ನೋಡಿದ. ಅಕ್ಕನ ಗಿಂಡಿಯನ್ನು ನೋಡಿದ. ಆ ಆಳೆತ್ತರದ ಗಂಡಸು ಕುಸಿದು ಕೂತು, ಮಡಿಯ ಚಪ್ಪಡಿಗೆ ಹಣೆ ಹಚ್ಚಿ, ಕೂಸಿನಂತೆ ಅತ್ತುಬಿಟ್ಟ.

ಆಮೇಲೆ ಮುಖ ಒರೆಸಿಕೊಂಡು ಹೇಳಿದ: "ಮಾವ, ನಿನ್ನ ಕಲ್ಲು ಅಂತ ಆಡಿಕೊಂಡು ತಿರುಗಿದೆ. ನಾನು ಅಕ್ಕನ ಮಣ್ಣಿನ ಕಡಿ ಒಂದು ದಿನಾನೂ ಹೋಗಿಲ್ಲ. ನೀನು ಹಿಂಗ ಗದ್ದಿಗಿ ಕಟ್ಟಿ ನೀರು ಹಾಕ್ತಿ. ನಂದ ತಪ್ಪಾತು, ಒಪ್ಪಿಕೊಂತೀನಿ."

ಆಗಲೇ ಪಂಚಾಕ್ಷರಪ್ಪನಿಗೆ ಎಲ್ಲ ತಿಳಿದದ್ದು. ಕಾಯಿ, ಹಾಲು, ಊದಿನಕಡ್ಡಿ, ಅಯ್ಯನವರ ಅರ್ಧ ಲೋಟ ಚಹಾ, ಎಲ್ಲ ಒಂದೊಂದಾಗಿ ನೆನಪಿಗೆ ಬಂದು ಸಾಲಾಗಿ ನಿಂತವು. ಇದು ಗದ್ದುಗೆಯಲ್ಲ ಬೆನಕಪ್ಪ, ನೀನು ತಳ್ಳಿದ ಎಣ್ಣೆಗಾಯಿಯ ಸಲುವಾಗಿ ಮಾಡಿದ ಬದನೆಯ ಮಡಿ ಎಂದು ಹೇಳಲು ಬಾಯಿ ತೆರೆದ. ಬೆನಕಪ್ಪನ ಹಣೆಯಲ್ಲಿ ಮಡಿಯ ವಿಭೂತಿ ಮೆತ್ತಿತ್ತು, ಕಣ್ಣು ಅತ್ತು ಕೆಂಪಾಗಿತ್ತು. ಪಂಚಾಕ್ಷರಪ್ಪ ಬಾಯಿ ಮುಚ್ಚಿದ. ಜಗತ್ತಿನಲ್ಲಿ ಕೆಲವು ಬಾಯಿಗಳು ಹೀಗೆ ಮುಚ್ಚಿದ್ದರಿಂದಲೇ ಎಷ್ಟೋ ಪುಣ್ಯಕ್ಷೇತ್ರಗಳು ನಡೆದುಬಂದಿವೆ.

ಸಂಜೆ ಮಗಳು ಶಾಂಭವಿಯ ಫೋನು ಬಂತು. ಹರಪನಹಳ್ಳಿಗೆ ಕೊಟ್ಟವಳು, ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುವವಳು. ತಂದೆಯ ಜೊತೆ ಫೋನಿನಲ್ಲಿ ಊಟವಾಯಿತೇ, ಗುಳಿಗೆ ತಗೊಂಡೆಯಾ ಎಂಬ ಎರಡು ಮಾತಿನ ಆಚೆ ಹೋದವಳಲ್ಲ. ಆ ದಿನ ಅವಳು ಆ ಎರಡನ್ನೂ ಕೇಳಲಿಲ್ಲ. ಮೊದಲು ಮೂಗು ಏರಿಸುವ ಸದ್ದು ಕೇಳಿಸಿತು.

"ಅಪ್ಪ, ಬೆನಕಪ್ಪ ಮಾವ ಹೇಳಿದ್ರು. ನೀನು ಅವ್ವನ್ನ ಮರತೇಬಿಟ್ಟಿ ಅಂದ್ಕೊಂಡಿದ್ದೆ ನಾನು. ಆಯ್ತವಾರ ಬರ್ತೀನಿ, ಅಲ್ಲಿಗೆ ಕರಕೊಂಡು ಹೋಗು."

ಪಂಚಾಕ್ಷರಪ್ಪ ಬಹಳ ಯೋಚಿಸಿ, "ಕೆಸರೈತವ್ವ, ನೋಡಿಕೊಂಡು ಬಾ" ಎಂದ.

ಆ ಭಾನುವಾರ ಇನ್ನೊಬ್ಬರೂ ಬರಬೇಕಾಯಿತು. ಕೆರೆಯ ನೀರು ಕುಡಿಯುವ ಊರು. ಕೆರೆಯ ಬುಡದಲ್ಲಿ ಅನುಮತಿಯಿಲ್ಲದೆ ಹೆಣ ಹೂಳಿದ್ದಾರೆ ಎಂದು ಯಾರೋ ಪುಣ್ಯಾತ್ಮರು ಅರ್ಜಿ ಹಾಕಿದ್ದರು. ಭಾನುವಾರವೇ ಗ್ರಾಮ ಲೆಕ್ಕಾಧಿಕಾರಿ ಅರುಣಕುಮಾರ್ ಸ್ಥಳ ಪರಿಶೀಲನೆಗೆ ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದ ಸಂಭಾವಿತ ತರುಣ. ಅಕ್ರಮವನ್ನು ಹಿಡಿಯಲು ಬಂದವರು ಅಕ್ರಮದ ಮುಂದೆ ಶೂ ಕಳಚಿ, ಕಾಲುಚೀಲ ಕಳಚಿ, ಪ್ಯಾಂಟು ಮಡಿಸಿ, ಕೈಮುಗಿದು, ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದರು. ಸುತ್ತ ಊರೇ ನೆರೆದಿತ್ತು. ಹಾಲಸ್ವಾಮಿಗಳಿದ್ದರು. ಬೆನಕಪ್ಪ ಕಾಯಿಯ ಬುಟ್ಟಿ ಹಿಡಿದು ನಿಂತಿದ್ದ. ಶಾಂಭವಿ ಸೆರಗನ್ನು ಬಾಯಿಗಿಟ್ಟುಕೊಂಡು ಮಡಿಯ ಪಕ್ಕದಲ್ಲಿ ಕೂತಿದ್ದಳು. ಏರಿಯ ಮೇಲೆ ಒಂದು ಸ್ಕೂಟಿಯೂ ನಿಂತಿತ್ತು.

ಒಳಗೆ ಏನಿದೆ ಎಂದು ಅಧಿಕಾರಿ ಕೇಳಿದರು. ಅವರು ಕೇಳಿದ್ದು ಪಂಚಾಕ್ಷರಪ್ಪನನ್ನು. ಉತ್ತರ ಕೊಟ್ಟದ್ದು ಊರು. ಹಿಡಿ ಮಣ್ಣು ಎಂದು ಕೆಲವರು, ಇಷ್ಟಲಿಂಗ ಮಾತ್ರ ಎಂದು ಕೆಲವರು. ಹಂಪಮ್ಮ ಕನಸಿನ ವಿಚಾರವನ್ನು ಮೊದಲಿನಿಂದ ಹೇಳತೊಡಗಿದಳು. ಅರುಣಕುಮಾರ್ ಬೆವರು ಒರೆಸಿಕೊಂಡು, ಇಷ್ಟು ಉತ್ತರಗಳಿದ್ದರೆ ತಾನು ವರದಿ ಬರೆಯಲಾರೆ, ನಾಳೆ ಜೆಸಿಬಿ ತರಿಸಿ ತೆಗೆಸಿಯೇ ನೋಡಬೇಕಾಗುತ್ತದೆ, ದಯಮಾಡಿ ತಪ್ಪು ತಿಳಿಯಬಾರದು ಎಂದರು.

"ಜೆಸಿಬಿ ಬ್ಯಾಡ್ರಿ" ಎಂದ ಪಂಚಾಕ್ಷರಪ್ಪ. ಎಲ್ಲರೂ ಅವನ ಕಡೆ ತಿರುಗಿದರು. "ಬೇರು ಬಿಟ್ಟಿರ್ತಾವ. ಹರದು ಹೋಗ್ತಾವ."

"ಯಾರ ಬೇರ್ರಿ?"

"ಬದನಿವು."

ಯಾರೂ ನಗಲಿಲ್ಲ. ಹಾಲಸ್ವಾಮಿಗಳು, ನಾನು ಹೇಳಿರಲಿಲ್ಲವೇ ಎಂಬಂತೆ ಪಕ್ಕದವರನ್ನು ನೋಡಿದರು. ಪಂಚಾಕ್ಷರಪ್ಪ ಮಗಳ ಕಡೆ ನೋಡಲಾರದೆ, ಮಡಿಯ ಮುಂದೆ ಮೊಣಕಾಲೂರಿದ. ಊದಿನಕಡ್ಡಿಗಳನ್ನು ಒಂದೊಂದಾಗಿ ಕಿತ್ತ. ಕೆನೆಗಟ್ಟಿ ನಿಂತ ವಿಭೂತಿಯನ್ನು ಬದಿಗೆ ಸರಿಸಿದ. ಬೆರಳನ್ನು ಮಣ್ಣಿಗೆ ಇಳಿಸಿ, ಗಾಯ ಮುಟ್ಟುವವರಂತೆ ಮೆಲ್ಲಗೆ ಕೆದಕಿದ. ಹಸಿರು ಇರಲಿಲ್ಲ. ಬಿಳಿಯ ಎಳೆ ಇರಲಿಲ್ಲ. ಕೆದಕಿದ ಕುಳಿಯಲ್ಲಿ ಕಪ್ಪು ನೀರು ಒಸರಿ ತುಂಬಿಕೊಂಡಿತು, ಕೊಳೆತ ಆಪಿನ ವಾಸನೆ ಎದ್ದಿತು. ಇನ್ನಷ್ಟು ತೋಡಿದ. ಅಂಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದ. ಬೀಜಗಳು ಗಂಜಿಯ ಅಗುಳಿನಂತೆ ಮೆತ್ತಗಾಗಿ, ಬೆರಳು ಸೋಕಿದರೆ ಸೀಳಿ, ಮಣ್ಣಾಗಿಬಿಟ್ಟವು.

ಹಿಂದಿನ ಸಾಲಿನಲ್ಲಿ ಯಾರೋ ಒ‌ಬ್ಬರು ಕಿಸಕ್ಕೆಂದರು. ಆಮೇಲೆ ನಗೆ ನಿಲ್ಲಲಿಲ್ಲ. ಕಾಯಿ ಒಡೆದವರು, ಹಾಲು ಬಿಟ್ಟವರು, ಹರಕೆ ಹೊತ್ತವರು, ಎಲ್ಲರ ನಗೆಯೂ ಕೆರೆಯ ಏರಿಗೆ ಬಡಿದು ತಿರುಗಿ ಬಂತು. ತನಗೆ ಮೊದಲ ದಿನವೇ ಅನುಮಾನವಿತ್ತೆಂದು ಹಂಪಮ್ಮ ಹೇಳಿದಳು. ಬದನೆ ಬೀಜಕ್ಕೆ ಅನುಮತಿ ಬೇಕಿಲ್ಲವೆಂದು ಅರುಣಕುಮಾರ್ ಬಹಳ ನೆಮ್ಮದಿಯಿಂದ ಬರೆದುಕೊಂಡರು.

ಬೆನಕಪ್ಪ ನಗಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಮುಂದೆ ಬಂದು ಕೇಳಿದ. "ಅಂದ್ರ ಮಾವ, ಅವತ್ತು ನಾನು ಅತ್ತಿದ್ದು ಬದನಿ ಮಡಿ ಮುಂದೇನು?"

"ಹೂಂ."

"ಹೇಳಬೇಕಾಗಿತ್ತಿಲ್ಲೋ."

ಪಂಚಾಕ್ಷರಪ್ಪ ಅಂಗೈಯಲ್ಲಿದ್ದ ಕೆಸರನ್ನೇ ನೋಡುತ್ತಿದ್ದ. "ಇಷ್ಟ ಇತ್ತು ಬೆನಕಪ್ಪ. ಎಲ್ಲಾ ಹಾಕಿಬಿಟ್ಟೆ. ಒಂದು ಕಾಳು ಉಳಿಸಿಕೊಬೇಕು ಅಂತ ಹೊಳೀಲಿಲ್ಲ."

ನಗುತ್ತಿದ್ದವರು ಆ ದನಿಗೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಮೈಕಿನ ದನಿಯಾಗಿರಲಿಲ್ಲ ಅದು. ಬೆನಕಪ್ಪ ಅವನ ಪಕ್ಕದಲ್ಲಿ ಕೂತ. ಬೇರೆ ಏನು ಕೇಳಬೇಕೋ ತಿಳಿಯದೆ ಕೇಳಿದ:

"ಅಲ್ಲ ಮಾವ, ಮೊದಲಾ ಜವುಳು. ಅದಕ್ಕ ದಿನಾ ನೀರು ಯಾಕ ತಂದು ಹಾಕ್ತಿದ್ದಿ?"

ಪಂಚಾಕ್ಷರಪ್ಪ ನಿಜವಾಗಿಯೂ ಯೋಚಿಸಿದ. "ಬ್ಯಾರೆ ಏನು ಮಾಡಬೇಕು ತಿಳೀಲಿಲ್ಲ" ಎಂದ.

ಶಾಂಭವಿ ಎದ್ದು ಬಂದು, ತಂದೆಯ ಕೈಯನ್ನು ಅದೇ ಗಿಂಡಿಯ ನೀರಿನಿಂದ ತೊಳೆದಳು. ಹಸ್ತ ಸ್ವಚ್ಛವಾಯಿತು, ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಜನ ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಹೋದರು. ಆ ಸಂಜೆ ಹರಪನಹಳ್ಳಿಯ ಬಸ್ಸಿಗೆ ಮಗಳನ್ನು ಹತ್ತಿಸುವಾಗ, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಪಂಚಾಕ್ಷರಪ್ಪ ಒಂದು ಮಾತೂ ಹೇಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕೈಯೆತ್ತಿಕೊಂಡೇ ನಿಂತಿದ್ದ.

ಮರುದಿನ ಬೆಳಗ್ಗೆ ಮೋಡ ಸರಿದಿತ್ತು. ಅಭ್ಯಾಸದಂತೆ ಸ್ನಾನಮಾಡಿ, ಗಿಂಡಿಗೆ ನೀರು ತುಂಬಿಕೊಂಡ ಮೇಲೆ, ಹೋಗಬೇಕಾದ ಜಾಗವೇ ಇಲ್ಲವಲ್ಲ ಎಂದು ಅವನಿಗೆ ನೆನಪಾಯಿತು. ಗಿಂಡಿ ಹಿಡಿದು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತ. ಎದುರಿಗೆ, ಅವನೇ ಹಾರೆ ಹಾಕಿ ನಾಲ್ಕು ಚಪ್ಪಡಿ ಎಬ್ಬಿಸಿದ ಜಾಗ ತೆರೆದುಬಿದ್ದಿತ್ತು. ಎಬ್ಬಿಸಿದ ದಿನದಿಂದ ಅದನ್ನು ಅವನು ತಿರುಗಿ ನೋಡಿರಲಿಲ್ಲ. ವರ್ಷಗಟ್ಟಲೆ ಕಲ್ಲಿನ ಅಡಿಯಲ್ಲಿದ್ದ ನೆಲ ಮಳೆಗೆ ಉಬ್ಬಿ, ಬಿಸಿಲಿಗೆ ಆರಿ, ಪುಡಿಪುಡಿಯಾಗಿ ಕೂತಿತ್ತು. ಒಂದೆರಡು ಕಡೆ ಎಳೆಯ ಗರಿಕೆ ತಲೆಯೆತ್ತಿತ್ತು. ನಾಗಲಿಂಗಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಅಗೆದು, ಗೊಬ್ಬರ ಹಾಕಿ, ಹದ ಮಾಡಿದ್ದ ನೆಲ. ಪಂಚಾಕ್ಷರಪ್ಪ ಅದನ್ನು ನೋಡುತ್ತ ಕೂತ. ನೋಡುತ್ತ ಕೂತವನ ಕೆನ್ನೆ ಒದ್ದೆಯಾಗಿ, ಗಡ್ಡದಿಂದ ಹನಿ ಗಿಂಡಿಯೊಳಕ್ಕೆ ಬೀಳುತ್ತಿದ್ದದ್ದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

ಸಂದಿಯಲ್ಲಿ ಸ್ಕೂಟಿ ನಿಂತ ಸದ್ದಾಯಿತು. ಮಂಜಮ್ಮ ಹಿತ್ತಲ ಬಾಗಿಲಿಂದಲೇ ಬಂದಳು. ಅವನ ಮುಖವನ್ನು ನೋಡಿ, ನೋಡದವಳಂತೆ ತೆರೆದ ನೆಲದ ಕಡೆ ನೋಡಿದಳು.

"ಸರ, ಅಕ್ಕೋರು ಆರಾಮ ತಪ್ಪೋಕಿಂತ ಮೊದಲು ನಮ್ಮ ಅಂಗನವಾಡಿ ಹಿತ್ತಲಿಗೆ ಅಂತ ಬೀಜ ಕಡ ಕೊಟ್ಟಿದ್ರು" ಎಂದಳು. "ಕಾಯಿ ಹಣ್ಣಾಗಿ ಬೀಜ ತೆಗಿಯೋದರಾಗ ಅವರು ಹೋಗಿಬಿಟ್ರು. ಯಾರ ಕೈಗೆ ಕೊಡಬೇಕು ತಿಳೀದ ವರ್ಷ ಇಟ್ಟುಕೊಂಡೆ. ಈಗ ಕೊಡಾಕ ಅಂತ ದಿನಾ ತರತಿದ್ದೆ. ದಿನಾ ಮಂದಿ ಇರತಿದ್ರು. ಮತ್ತ, ನಿಮ್ಮ ಹತ್ರ ಬುರುಡಿ ತುಂಬ ಐತಿ ಅಂದಿದ್ರಿ."

ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಪಂಚಾಕ್ಷರಪ್ಪ ಕಣ್ಣೊರೆಸಿಕೊಂಡು ಎದ್ದ. ಗಾಬರಿಯಿಂದ ಒಳಗೆ ಹೋಗಿ ಒಂದು ತಾಟು ಹುಡುಕಿದ. ಸಿಗಲಿಲ್ಲ. ಬುರುಡೆಯನ್ನಾದರೂ ತರುತ್ತೇನೆಂದು ಜಂತಿಗೆ ಕೈಯೆತ್ತಿದವನು, ಏನೋ ನೆನಪಾಗಿ ಹಾಗೆಯೇ ನಿಂತ. ಬರಿಗೈಯಲ್ಲಿ ಹೊರಗೆ ಬಂದ.

ಮಂಜಮ್ಮ ಗಂಟು ಬಿಚ್ಚಿ ಬೀಜವನ್ನು ತನ್ನ ಅಂಗೈಗೆ ಸುರಿದುಕೊಂಡು ಕಾಯುತ್ತ ನಿಂತಿದ್ದಳು. ಒಂದು ಚಿಟಿಕೆ ಒಯ್ದಿದ್ದಳು. ಅಂಗೈ ತುಂಬಿತ್ತು.

ಅವನು ಉಗುರಿನಲ್ಲಿ ಇನ್ನೂ ಕಪ್ಪಿದ್ದ ತನ್ನ ಕೈಯನ್ನು ಚಾಚಿದ. ಅವಳು ತನ್ನ ಅಂಗೈಯನ್ನು ಅವನ ಅಂಗೈಯ ಮೇಲೆ ಬೋರಲಿಟ್ಟು, ಒಂದು ಕಾಳೂ ಕೆಳಗೆ ಬೀಳದಂತೆ ನಿಧಾನವಾಗಿ ತೆಗೆದಳು.